ಬೆಂಚಿನ ಮೇಲೆ ಕಲಿತ ಈಜು

ಗದಗಿನ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುವ ನನ್ನ ಮೊಮ್ಮಗಳು ವಸುಧಾ ದೀಪಾವಳಿ ರಜೆಯಲ್ಲಿ ಗೆಳತಿಯರ ಜೊತೆ ಮುರ್ಡೇಶ್ವರಕ್ಕೆ ಹೋಗಿ ಬಂದಳು. ದೇವರ ಪ್ರಸಾದವೆಂದು ನಾನು ಕೈಯೊಡ್ಡಿದರೆ ಅವಳು ಅಂಗೈಯಲ್ಲಿಟ್ಟದ್ದು ಒಂದು ಪ್ಲಾಸ್ಟಿಕ್ ಕಾರ್ಡು. ಅದರ ಮೇಲೆ ಅವಳದೇ ಫೋಟೋ, ಕೆಳಗೆ ಇಂಗ್ಲಿಷಿನಲ್ಲಿ ನಾಲ್ಕು ಸಾಲು. ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿಕೊಂಡು, ಬಾಯಲ್ಲಿ ನಳಿಗೆ ಕಚ್ಚಿಕೊಂಡು ಅರವತ್ತು ಅಡಿ ಆಳದವರೆಗೆ ಈಕೆ ಸಮುದ್ರದಲ್ಲಿ ಇಳಿಯಬಹುದು ಎಂಬುದು ಅದರ ತಾತ್ಪರ್ಯವಂತೆ.

“ಬರೇ ಧೈರ್ಯ ಇದ್ರ ಸಾಲೂದಿಲ್ಲ ಅಜ್ಜಾ,” ಎಂದಳು. “ಮೊದಲ ಪಾಠ ಕೇಳಬೇಕು, ಪರೀಕ್ಷಾ ಪಾಸಾಗಬೇಕು, ಆಮ್ಯಾಲ ನೀರು. ಅನುಭವ ಅದ ಅಂತ ಹಂಗs ಇಳದವ್ರು ಎಷ್ಟೋ ಮಂದಿ ತಿರುಗಿ ಮ್ಯಾಲ ಬಂದಿಲ್ಲ.”

“ಖರೆ,” ಎಂದೆ.

“ನಿನಗ ಈಜ್ಲಿಕ್ಕೆ ಬರ್ತದೇನು?”

“ನನ್ನ ಹತ್ರನೂ ಸರ್ಟಿಫಿಕೇಟ್ ಅದ.”

ಅವಳು ನಕ್ಕು ಒಳಗೆ ಹೋದಳು. ನಂಬಲಿಲ್ಲ. ಅವಳನ್ನು ದೂರುವಂತಿಲ್ಲ. ನನಗೆ ಈಜಿನ ಸರ್ಟಿಫಿಕೇಟು ಸಿಕ್ಕಿತ್ತು ಎನ್ನುವುದು ನಿಜ. ನನಗೆ ಈಜು ಬರುತ್ತದೆ ಎನ್ನುವುದೂ ನಿಜ. ಆದರೆ ಈ ಎರಡು ನಿಜಗಳಿಗೆ ಒಂದಕ್ಕೊಂದು ಗುರುತು ಪರಿಚಯವೇ ಇಲ್ಲ. ಅದು ಹೇಗೆ ಎಂದು ಅವಳು ಕೇಳಲಿಲ್ಲ. ನೀವು ಪುರುಸೊತ್ತಾಗಿ ಕೂತಿದ್ದೀರಿ, ನಿಮಗೆ ಹೇಳುತ್ತೇನೆ.

ನಾನು ಹುಟ್ಟಿದ್ದು ಲಕ್ಷ್ಮೇಶ್ವರದಲ್ಲಿ. ಆಗ ಅದು ಮಿರಜ ಸಂಸ್ಥಾನಕ್ಕೆ ಸೇರಿತ್ತು. ಪಕ್ಕದ ಶಿರಹಟ್ಟಿ ಸಾಂಗ್ಲಿಯವರದು, ಗದಗು ಮುಂಬೈ ಇಲಾಖೆಯದು, ಮುಂಡರಗಿ ದಾಟಿ ಮೂಡಣಕ್ಕೆ ಹೋದರೆ ನಿಜಾಮನದು. ಶಿರಹಟ್ಟಿಯಲ್ಲಿದ್ದ ಸೋದರಮಾವನ ಮನೆಗೆ ರೊಟ್ಟಿ ಕಟ್ಟಿಕೊಂಡು ಹೊರಟರೆ ದಾರಿಯಲ್ಲಿ ದೊರೆ ಬದಲಾಗುತ್ತಿದ್ದ, ಕಾಲಿಗೆ ಹತ್ತಿದ ಕರಿಮಣ್ಣು ಮಾತ್ರ ಅದೇ ಇರುತ್ತಿತ್ತು. ಇಷ್ಟೊಂದು ಸರಕಾರಗಳ ನಡುವೆ ಬೆಳೆದರೂ ನಾನು ಮೊಣಕಾಲಿಗಿಂತ ಹೆಚ್ಚಿನ ನೀರನ್ನು ಕಂಡವನಲ್ಲ. ನಮ್ಮ ತಂದೆ ಗುಡಿಯಲ್ಲಿ ಪೂಜೆ ಮಾಡಿ, ಮಧ್ಯಾಹ್ನ ನಾಲ್ಕಾರು ಮಂದಿಗೆ ಸಂಸ್ಕೃತ ಹೇಳಿಕೊಡುತ್ತಿದ್ದರು. ನಮ್ಮ ಮನೆಯಲ್ಲಿ ನೀರಿಗೆ ಇದ್ದದ್ದು ಒಂದೇ ಅಳತೆ: ತಂಬಿಗೆ. ಅವ್ವ ಎಣ್ಣೆ ಹಚ್ಚಿ ತಲೆಯ ಮೇಲೆ ಎರಡು ತಂಬಿಗೆ ಸುರಿದರೆ ನಾನು ಕಣ್ಣು ಮುಚ್ಚಿ, ಉಸಿರು ಕಟ್ಟಿ, “ಸಾಕು, ಸಾಕು” ಎಂದು ಬಚ್ಚಲಿನಿಂದ ಕೂಗುತ್ತಿದ್ದೆ. ಮೀಸೆ ಬಂದ ಮೇಲೂ ಕೂಗುತ್ತಿದ್ದೆ ಎಂಬುದನ್ನು ಈಗ ಹೇಳಿದರೆ ಅಡ್ಡಿಯಿಲ್ಲ. ಕೇಳಿಸಿಕೊಂಡವರು ಯಾರೂ ಉಳಿದಿಲ್ಲ.

ಸ್ವಾತಂತ್ರ್ಯ ಬಂತು, ಸಂಸ್ಥಾನ ಹೋಯಿತು, ನಾವು ಮುಂಬೈ ರಾಜ್ಯದವರಾದೆವು. ನನಗೆ ಊರಿನ ಶಾಲೆಯಲ್ಲಿ ಮಾಸ್ತರಿಕೆ ಸಿಕ್ಕಿತು. ಏಕೀಕರಣಕ್ಕೆ ಇನ್ನೊಂದು ವರ್ಷವಿರುವಾಗ ಶಾಲೆಗೆ ಒಂದು ಕಾಗದ ಬಂತು. ಪುಣೆಯಲ್ಲಿ ಈಜು ಮತ್ತು ಜೀವರಕ್ಷಣೆಯ ತರಬೇತಿ ಇದೆ, ಒಬ್ಬ ಶಿಕ್ಷಕರನ್ನು ಕಳಿಸಿರಿ ಎಂದು. ಹೆಡ್ ಮಾಸ್ತರರು ಎಲ್ಲರನ್ನೂ ಕರೆದು ಕೇಳಿದರು. ಒಬ್ಬರಿಗೆ ದಮ್ಮು. ಒಬ್ಬರ ಜಾತಕದಲ್ಲಿ ಜಲಗಂಡ. ಮತ್ತೊಬ್ಬರ ಮಗಳ ಮದುವೆ, ಅದಿನ್ನೂ ಗೊತ್ತಾಗಿರಲಿಲ್ಲ, ಆದರೆ ಗೊತ್ತಾಗುವುದಿತ್ತು. ನಾನು ಪುಣೆ ನೋಡಿರಲಿಲ್ಲ.

“ನಾ ಹೋಗ್ತೇನ್ರಿ,” ಎಂದೆ.

ಪುಣೆಗೆ ಹೋಗಿ ನೋಡಿದರೆ ಈಜುಕೊಳ ಒಣಗಿತ್ತು. ತಳದಲ್ಲಿ ಬಿರುಕು ಬಿಟ್ಟು, ನೀರೆಲ್ಲ ತೆಗೆದು, ಇಬ್ಬರು ಗೌಂಡಿಗಳು ಒಳಗೆ ಕೂತು ಗಿಲಾವು ಮಾಡುತ್ತಿದ್ದರು. ನನಗೆ ಆದ ಸಂತೋಷವನ್ನು ಹೇಗೆ ವರ್ಣಿಸಲಿ. ಕಲಿಸುವ ಮರಾಠಿ ಗುರುಗಳು ಧೃತಿಗೆಡಲಿಲ್ಲ. ತರಗತಿಯಿಂದ ಬೆಂಚುಗಳನ್ನು ಹೊರಗೆ ತರಿಸಿ, ಅವುಗಳ ಮೇಲೆ ನಮ್ಮನ್ನು ಹೊಟ್ಟೆಯಡಿಯಾಗಿ ಮಲಗಿಸಿ, ಶಿಳ್ಳೆ ಊದಿ, ಕೈಕಾಲು ಆಡಿಸಲು ಹಚ್ಚಿದರು. ಇಪ್ಪತ್ತು ಮಂದಿ ಮಾಸ್ತರರು ಬೇವಿನ ಗಿಡದ ನೆರಳಿನಲ್ಲಿ ದಿನವೂ ಎರಡು ತಾಸು ಈಜಿದೆವು. ಬೆಂಚಿನ ಮೇಲೆ ನಾನು ಯಾವ ಮೀನಿಗೂ ಕಡಿಮೆಯಿರಲಿಲ್ಲ. ಕೊನೆಗೆ ಬರಹದ ಪರೀಕ್ಷೆ. ಮುಳುಗುವವನನ್ನು ಮುಂದಿನಿಂದ ಹಿಡಿಯಬೇಕೋ ಹಿಂದಿನಿಂದಲೋ ಎಂಬ ಪ್ರಶ್ನೆಗೆ ನಾನು ಎರಡು ಪುಟ ಬರೆದೆ. ನನ್ನ ಅಕ್ಷರ ದುಂಡಗಿತ್ತು. ಮೊದಲನೆಯ ದರ್ಜೆ ಬಂತು.

ಊರಿಗೆ ಬಂದ ಮೇಲೆ ತಂದೆ ಆ ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ಪಡಸಾಲೆಯಲ್ಲಿ ತೂಗುಹಾಕಿದರು. ಬಂದವರಿಗೆಲ್ಲ ಬೆಲ್ಲ ನೀರು ಕೊಡುವ ಮೊದಲು ಅದನ್ನು ತೋರಿಸುತ್ತಿದ್ದರು. ಗೋಡೆಯ ಮೇಲೆ ಅದು ಇರುವವರೆಗೆ ನನಗೇನೂ ತೊಂದರೆಯಿರಲಿಲ್ಲ. ತೊಂದರೆ ಸುರುವಾದದ್ದು ಬೇಸಿಗೆಯಲ್ಲಿ, ನಮ್ಮ ಓಣಿಯ ಬಾವಿಯಲ್ಲಿ ನೆರೆಮನೆಯ ಅಂಬಕ್ಕನ ತಾಮ್ರದ ಕೊಡ ಬಿದ್ದಾಗ.

ಕೊಡ ಬಿದ್ದರೆ ಪಾತಾಳಗರಡಿ ಬಿಡುವುದು ರೂಢಿ. ಕಬ್ಬಿಣದ ಕೊಕ್ಕೆಗಳ ಗೊಂಚಲು ಅದು; ಹಗ್ಗಕ್ಕೆ ಕಟ್ಟಿ ಇಳಿಬಿಟ್ಟು ತಡಕಾಡಿದರೆ ಯಾವುದಾದರೊಂದು ಕೊಕ್ಕೆಗೆ ಕೊಡ ಸಿಗುತ್ತಿತ್ತು. ಅಂದು ಅರ್ಧ ತಾಸು ತಡಕಿದರೂ ಸಿಗಲಿಲ್ಲ.

“ಪಾತಾಳಗರಡಿ ಯಾಕ ಬೇಕು?” ಎಂದಳು ಅಂಬಕ್ಕ. “ಪುಣೇಕ್ಕ ಹೋಗಿ ಸರ್ಟಿಫಿಕೇಟ್ ತಂದಾನ. ನಮ್ಮ ಕೊಡ ತರೂದಿಲ್ಲೇನು?”

ಓಣಿಯೆಲ್ಲ ನೆರೆಯಿತು. ನಾನು ಬಾವಿಯ ಕಟ್ಟೆಯ ಮೇಲೆ ನಿಂತು, ನೀರಿಗಿಳಿಯುವ ಮೊದಲು ಆಳ, ತಂಪು, ಹರಿವು ಇವುಗಳನ್ನು ಪರೀಕ್ಷಿಸಬೇಕು ಎಂದು ಪಾಠ ಸುರುಮಾಡಿದೆ. ಬಾವಿಯಲ್ಲಿ ಹರಿವು ಎಲ್ಲಿಂದ ಬರಬೇಕೆಂದು ಯಾರೂ ಕೇಳಲಿಲ್ಲ. ಅಷ್ಟರಲ್ಲಿ ಮೆಂತೆ ಪಲ್ಯ ಮಾರಲು ಬಂದಿದ್ದ ಅಡರಕಟ್ಟಿಯ ಕಲ್ಲವ್ವ ಬುಟ್ಟಿ ಕೆಳಗಿಟ್ಟಳು. ಐವತ್ತರ ಆಸುಪಾಸಿನ ಗಟ್ಟಿ ಹೆಂಗಸು. ಕಚ್ಚೆ ಬಿಗಿದಳು, “ಅತ್ತಾಗ ಸರೀರಿ ಮಾಸ್ತರ್ರ” ಎಂದಳು, ಹಾರಿದಳು. ನಾನು ಹರಿವಿನ ಬಗ್ಗೆ ಎರಡನೆಯ ವಾಕ್ಯ ಮುಗಿಸುವಷ್ಟರಲ್ಲಿ ಕೊಡದ ಕಂಠ ಹಿಡಿದು ಮೇಲೆ ಬಂದಿದ್ದಳು.

ಮಂದಿ ಚದುರಿದ ಮೇಲೆ ಸೆರಗು ಹಿಂಡುತ್ತ ಸಣ್ಣ ದನಿಯಲ್ಲಿ ಹೇಳಿದಳು: “ನಿಮ್ಮ ಕಾಲು ನಡಗಾಕತ್ತಿದ್ವು.”

“ಥಂಡಿ,” ಎಂದೆ.

“ಇಂಥಾ ಬ್ಯಾಸಗ್ಯಾಗ?” ಬುಟ್ಟಿ ಎತ್ತಿ ತಲೆಯ ಮೇಲಿಟ್ಟುಕೊಂಡಳು. “ಯಾರ ಮುಂದೂ ಹೇಳೂದಿಲ್ಲ ಬಿಡ್ರಿ. ರವಿವಾರ ಅಡರಕಟ್ಟಿಗೆ ಬರ್ರಿ. ನಮ್ಮ ಹೊಲದಾಗ ಬಾವಿ ಐತಿ.”

ಹೀಗೆ ಮೊದಲನೆಯ ದರ್ಜೆಯಲ್ಲಿ ಪಾಸಾದ ಮೇಲೆ ನಾನು ವಿದ್ಯಾರ್ಥಿಯಾದೆ. ಮನೆಯಲ್ಲಿ “ಅಭ್ಯಾಸ ಬಿಡಬಾರದು” ಎಂದು ಹೇಳಿ ಪ್ರತಿ ರವಿವಾರ ಸೈಕಲ್ ಹತ್ತುತ್ತಿದ್ದೆ. ತಂದೆಗೆ ನನ್ನ ನಿಷ್ಠೆ ಕಂಡು ಹಿಗ್ಗು.

ಮೊದಲ ದಿನ ಪುಣೆಯಲ್ಲಿ ಕೊಟ್ಟಿದ್ದ ಈಜಿನ ಪುಸ್ತಕ ಒಯ್ದಿದ್ದೆ. ಪದ್ಧತಿಯಂತೆ ನಡೆಯಲಿ ಎಂದು. ಕಲ್ಲವ್ವನಿಗೆ ಓದು ಬರುತ್ತಿರಲಿಲ್ಲ. ಚಿತ್ರಗಳನ್ನು ಬಹಳ ಹೊತ್ತು ನೋಡಿದಳು.

“ಇವನ ಕೆಳಗ ನೀರು ಎಲ್ಲೈತ್ರಿ?”

“ಚಿತ್ರದಾಗ ಬರದಿಲ್ಲ.”

“ಅದಕ್ಕ ಇಷ್ಟ ಆರಾಮ ಮಲಗ್ಯಾನ,” ಎಂದು ಪುಸ್ತಕ ಮುಚ್ಚಿ ಕಟ್ಟೆಯ ಮೇಲೆ ಇಟ್ಟಳು.

“ನೀ ಯಾರ ಹತ್ರ ಕಲತಿ?” ಎಂದು ಕೇಳಿದೆ.

“ಯಾರ ಹತ್ರ ಕಲೀಲಿ? ಎಂಟ ವರ್ಷದಾಕಿ ಇದ್ದಾಗ ಬಾವ್ಯಾಗ ಬಿದ್ದೆ. ಸಾಯಲಿಲ್ಲ.”

ಅಷ್ಟೇ ಅವಳ ಪಠ್ಯಕ್ರಮ. ನನ್ನ ಸೊಂಟಕ್ಕೆ ಒಣ ಬೆಂಡಿನ ಕಟ್ಟು ಬಿಗಿದು ನೀರಿಗೆ ಬಿಟ್ಟಳು. ಮೊದಲ ರವಿವಾರ ನಾನು ಮೆಟ್ಟಿಲು ಬಿಡಲಿಲ್ಲ. ಎರಡನೆಯ ರವಿವಾರ ಮೆಟ್ಟಿಲು ಬಿಟ್ಟು ಅವಳ ಜಡೆ ಹಿಡಿದೆ. ಮೂರನೆಯ ವಾರ ಬೆಂಡಿನ ಮಹಿಮೆಯಿಂದ ಆ ದಂಡೆಯಿಂದ ಈ ದಂಡೆಗೆ ಬಾತುಕೋಳಿಯ ಗತ್ತಿನಲ್ಲಿ ಹೋಗುತ್ತಿದ್ದಾಗ, ಬೆಂಡಿನ ಕಟ್ಟು ಕಟ್ಟೆಯ ಮೇಲೆ ಪುಸ್ತಕದ ಪಕ್ಕದಲ್ಲಿ ಒಣಗುತ್ತಿರುವುದು ಕಣ್ಣಿಗೆ ಬಿತ್ತು. ಅವಳು ಯಾವಾಗ ಬಿಚ್ಚಿದ್ದಳೋ. ಅಲ್ಲಿಯವರೆಗೆ ಚೆನ್ನಾಗಿಯೇ ತೇಲುತ್ತಿದ್ದ ನಾನು, ಬೆಂಡಿಲ್ಲ ಎಂಬ ಜ್ಞಾನೋದಯವಾದ ಕೂಡಲೇ ಮುಳುಗಿದೆ. ಕಲ್ಲವ್ವ ಕಾಲಿನಿಂದಲೇ ನನ್ನನ್ನು ದಂಡೆಗೆ ದಬ್ಬಿದಳು. ಮುಂದಿನ ವಾರ ಮುಳುಗಲಿಲ್ಲ. ಅದರ ಮುಂದಿನ ವಾರ, ಸಮಸ್ಯೆ ತಿರುಗಿ ನಿಂತಿತು: ಮುಳುಗು ಎಂದರೂ ಮುಳುಗಲಾರೆ.

ಅದಕ್ಕೆ ಅವಳಲ್ಲಿ ಉಪಾಯವಿತ್ತು. ತೆಂಗಿನಕಾಯಿಯಷ್ಟು ದಪ್ಪದ ಕಲ್ಲೊಂದನ್ನು ಎದೆಗೆ ಅವಚಿಕೊಂಡು ಇಳಿ. ತಳ ಸಿಕ್ಕ ಮೇಲೆ ಕಲ್ಲು ಬಿಡು. ಕೆಸರು ಕದಡದ ಹಾಗೆ ಅಂಗೈ ಹರವಿ ತಡಕು. ನಾನು ಇಳಿದೆ. ಎರಡಾಳು ಆಳಕ್ಕೆ ಹೋಗುವಷ್ಟರಲ್ಲಿ ಕಿವಿಯಲ್ಲಿ ಮೊಳೆ ಹೊಡೆದಂತಾಗಿ ಕಲ್ಲು ಬಿಟ್ಟು ಮೇಲೆ ಬಂದೆ.

“ಅದು ಹಂಗs. ತಡಕೋಬೇಕು,” ಎಂದಳು. “ನನ್ನ ಎಡಗಿವಿ ಹೋಗೇ ಹತ್ತ ವರ್ಷಾತು.”

ಆಗ ನೆನಪಾಯಿತು. ಓಡಿಹೋಗಿ ಪುಸ್ತಕ ತೆರೆದೆ. ಕೊನೆಯಲ್ಲಿ ಅರ್ಧ ಪುಟ ಇದೇ ವಿಷಯ ಇತ್ತು. ಪರೀಕ್ಷೆಗೆ ಬರುವುದಿಲ್ಲವೆಂದು ನಾವು ಬಿಟ್ಟಿದ್ದೆವು. ನೋವು ಸುರುವಾಗುವ ಮೊದಲೇ ಮೂಗು ಹಿಡಿದು, ಬಾಯಿ ಮುಚ್ಚಿ, ಮೆಲ್ಲಗೆ ಉಸಿರು ಒತ್ತಬೇಕು. ಕಲ್ಲವ್ವನಿಗೆ ತೋರಿಸಿದೆ. ಅವಳು ನಗುತ್ತ ಮೂಗು ಹಿಡಿದುಕೊಂಡೇ ಮುಳುಗಿದಳು. ಬಹಳ ಹೊತ್ತು ಬರಲಿಲ್ಲ. ಬಂದವಳ ಮುಖದಲ್ಲಿ ನಗು ಇರಲಿಲ್ಲ. ಬಲಗಿವಿಯನ್ನು ಮುಟ್ಟಿ ಮುಟ್ಟಿ ನೋಡಿಕೊಂಡಳು.

“ನೂಸಲಿಲ್ಲ,” ಎಂದಳು. “ಇದನ್ನ ಯಾರ ಹೇಳ್ಯಾರ?”

“ಪುಸ್ತಕದಾಗ ಅದ.”

“ನಲವತ್ತ ವರ್ಷ ಮುಳುಗೇನಿ. ಒಬ್ಬರೂ ಹೇಳಲಿಲ್ಲ ನೋಡ್ರಿ.” ಕಟ್ಟೆಯ ಮೇಲಿದ್ದ ಪುಸ್ತಕವನ್ನು ಒದ್ದೆ ಕೈಯಿಂದ ಮುಟ್ಟದೆ, ಸೆರಗಿನಿಂದ ಹಿಡಿದು ಬಿಸಿಲಿನಿಂದ ನೆರಳಿಗೆ ಸರಿಸಿದಳು. ಆಮೇಲೆ ಅದರಲ್ಲಿ ಇನ್ನೇನು ಬರೆದಿದೆ ಎಂದು ವಾರಕ್ಕೊಂದು ಪುಟ ಓದಿಸಿ ಕೇಳತೊಡಗಿದಳು. ಅರ್ಧಕ್ಕೆ ಅರ್ಧ ಸುಳ್ಳು ಎಂದು ತೀರ್ಪು ಕೊಟ್ಟಳು. ಉಳಿದರ್ಧವನ್ನು ಮಾಡಿ ನೋಡಿದಳು.

ಮಳೆಗಾಲ ಕಳೆಯುವಷ್ಟರಲ್ಲಿ ಏಕೀಕರಣವಾಯಿತು. ಶಾಲೆಯಲ್ಲಿ ಬೂಂದಿ ಹಂಚಿದೆವು. ಮಿರಜದವರು, ಸಾಂಗ್ಲಿಯವರು, ನಿಜಾಮನವರು ಎಲ್ಲ ಒಂದಾದೆವು ಎಂದು ನಾನು ಭಾಷಣ ಮಾಡಿದೆ, ಕೂಗಿ ಕೂಗಿ ನನ್ನ ದನಿ ಬಿದ್ದುಹೋಯಿತು. ಆ ದನಿ ಸರಿಹೋಗುವ ಮೊದಲೇ ಹೊಸ ಸರಕಾರದ ಕಾಗದ ಬಂತು. ಹಳೆಯ ಸರಕಾರ ಕೊಟ್ಟ ತರಬೇತಿ ಸರ್ಟಿಫಿಕೇಟುಗಳನ್ನು ಶಿಕ್ಷಣ ಖಾತೆಯ ಸಾಹೇಬರು ಬಂದು ಪ್ರತ್ಯಕ್ಷ ಪರೀಕ್ಷಿಸುವರು. ಒಪ್ಪಿಗೆಯಾದರೆ ಮಾತ್ರ ನೌಕರಿ ಕಾಯಂ.

ಧಾರವಾಡದಿಂದ ಬಂದ ಸಾಹೇಬರು ದುಂಡಗೆ, ಕೋಟು ಹಾಕಿಕೊಂಡು, ಬಹಳ ಗಂಭೀರವಾಗಿದ್ದರು. ಊರ ಹೊರಗಿನ ಮೆಟ್ಟಿಲ ಬಾವಿಯ ಹತ್ತಿರ ಪರೀಕ್ಷೆ. ಹೆಡ್ ಮಾಸ್ತರರು, ಇಡೀ ಶಾಲೆ, ಅಂಬಕ್ಕ, ಶಾಲು ಹೊದ್ದ ನನ್ನ ತಂದೆ, ಪಲ್ಯದ ಬುಟ್ಟಿಯೊಂದಿಗೆ ಕಲ್ಲವ್ವ, ಎಲ್ಲರೂ ನೆರೆದಿದ್ದರು. ಸಾಹೇಬರು ಹಿತ್ತಾಳೆಯ ಲೋಟವೊಂದನ್ನು ನೀರಿಗೆ ಹಾಕಿ, ಅದು ಮುಳುಗಿದ ಮೇಲೆ ಕೈಯೆತ್ತಿ, “ಒನ್, ಟೂ, ಥ್ರೀ” ಎಂದರು. ನಾನು ಹಾರಿದೆ.

ತಳ ಮುಟ್ಟಿದೆ, ಲೋಟ ಸಿಕ್ಕಿತು, ಮೇಲೆ ಬಂದು ವಿಜಯದಿಂದ ಕೈಯೆತ್ತಿದೆ. ಯಾರೂ ನನ್ನ ಕಡೆ ನೋಡುತ್ತಿರಲಿಲ್ಲ. ಸಾಹೇಬರು ಫೈಲಿನಿಂದ ಬಾಯಿ ಮುಚ್ಚಿಕೊಂಡು ಬಾವಿಯತ್ತ ಬೆರಳು ತೋರಿಸುತ್ತಿದ್ದರು.

“ಅವ್ವು,” ಎಂದರು. “ಅವ್ವು ಬಿವ್ವು.”

ಹೆಡ್ ಮಾಸ್ತರರ ಮುಖ ಬಿಳುಚಿತು. “ಸಾಹೇಬರ ಅವ್ವಾರು ಬಿದ್ರಂತ?”

ಸಾಹೇಬರು ಜೋರಾಗಿ ತಲೆಯಾಡಿಸಿ ಇಲ್ಲವೆಂದರು. “ಅವ್ವು,” ಎಂದರು ಮತ್ತೆ. ಜನ ಅವರ ತಾಯಿಯನ್ನು ಹುಡುಕುತ್ತ ಸುತ್ತಲೂ ನೋಡಿದರು. ಆಗ ಕಲ್ಲವ್ವ ಮುಂದೆ ಬಂದಳು.

“ಅವ್ವ ಅಲ್ಲರಿ, ಹಲ್ಲು. ನಮ್ಮ ಅತ್ತಿ ಹತ್ತ ವರ್ಷ ಹಿಂಗ ಮಾತಾಡ್ಯಾಳ, ನನಗ ತಿಳೀತೈತಿ. ಸಾಹೇಬರ ಕಟ್ಟಿಸಿದ ಹಲ್ಲು ಬಾವ್ಯಾಗ ಬಿದ್ದಾವು.”

ಥ್ರೀ ಎನ್ನುವಾಗ ಹಾರಿದವರು ನಾವಿಬ್ಬರು: ನಾನು, ಹಲ್ಲು.

ನಾನು ಮತ್ತೆ ಮುಳುಗಿದೆ. ಈ ಸಲ ಪರೀಕ್ಷೆ ನಿಜವಾದದ್ದು. ಲೋಟ ಹೊಳೆಯುತ್ತಿತ್ತು, ಹಲ್ಲು ಎಲ್ಲಿ ಹೊಳೆಯಬೇಕು. ಮೂಗು ಹಿಡಿದು ಕಿವಿ ಸಡಿಲಿಸಿಕೊಂಡು ಇನ್ನೂ ಕೆಳಗೆ ಹೋದೆ. ಕತ್ತಲೆ, ಕೆಸರಿನ ಮೆತ್ತಗಿನ ತಂಪು. ಅಂಗೈ ಹರವಿ ಮೆಲ್ಲಗೆ ಸವರುತ್ತ ಹೋದೆ. ಉಸಿರು ಎದೆಯಲ್ಲಿ ಬಾಗಿಲು ಬಡಿಯಲು ಸುರುಮಾಡಿತು. ಇನ್ನೊಂದು ಗೇಣು, ಇನ್ನೊಂದು ಗೇಣು ಎನ್ನುವಾಗ ಏನೋ ನನ್ನ ಬೆರಳನ್ನು ಕಚ್ಚಿತು. ಏಡಿ ಎಂದುಕೊಂಡೆ. ಹಾವಿರಬಹುದೆಂದು ಮೈ ಜುಮ್ಮೆಂದಿತು. ಮುಟ್ಟಿ ನೋಡಿದರೆ ಸಾಲಾಗಿ, ಕ್ರಮವಾಗಿ, ಸರಕಾರಿ ಶಿಸ್ತಿನಲ್ಲಿ ನಿಂತ ಹಲ್ಲುಗಳು. ನನ್ನನ್ನು ಪರೀಕ್ಷಿಸಲು ಬಂದ ಸಾಹೇಬರು ಮೂರಾಳು ನೀರಿನ ಕೆಳಗೆ ನನ್ನನ್ನು ಕಚ್ಚಿದ್ದರು.

ನನಗೆ ನಗು ಬಂತು. ನೀರಿನಲ್ಲಿ ನಗಬಾರದೆಂದು ಪುಣೆಯವರು ಬರೆದಿರಲಿಲ್ಲ, ಕಲ್ಲವ್ವನೂ ಹೇಳಿರಲಿಲ್ಲ. ನಕ್ಕೆ. ಇದ್ದ ಗಾಳಿಯೆಲ್ಲ ಗುಳ್ಳೆಯಾಗಿ ಹೋಯಿತು, ಬಾವಿ ಒಳಗೆ ಬಂತು. ಆಮೇಲೆ ನೆನಪಿರುವುದು ಯಾರೋ ನನ್ನ ಕೂದಲು ಹಿಡಿದು ಎಳೆದದ್ದು. ಮೆಟ್ಟಿಲ ಮೇಲೆ ಮಗುಚಿ ಹಾಕಿ ಕಲ್ಲವ್ವ ಬೆನ್ನಿಗೆ ಗುದ್ದುತ್ತಿದ್ದಳು. ನನ್ನ ಮುಷ್ಟಿಯಲ್ಲಿ ಹಲ್ಲಿತ್ತು. ನಾನಿನ್ನೂ ನಗುತ್ತಿದ್ದೆ.

ಸಾಹೇಬರು ಹಲ್ಲನ್ನು ತೊಳೆಸಿ, ಆಚೆ ತಿರುಗಿ ಹಾಕಿಕೊಂಡು, ಈಚೆ ತಿರುಗಿದಾಗ ಮತ್ತೆ ಗಂಭೀರರಾಗಿದ್ದರು. “ಭೇಷ್. ಪುಣೇದ ತರಬೇತಿ ಅಂದ್ರ ಹಿಂಗಿರಬೇಕು,” ಎಂದರು. ಮಂದಿ ಚಪ್ಪಾಳೆ ತಟ್ಟಿದರು. ತಂದೆಯ ಎದೆ ಶಾಲಿನೊಳಗೂ ಉಬ್ಬಿದ್ದು ಕಾಣುತ್ತಿತ್ತು. ಕಲ್ಲವ್ವ ಒಂದು ಬದಿಗೆ ನಿಂತು ಸೀರೆ ಹಿಂಡಿಕೊಳ್ಳುತ್ತಿದ್ದಳು. ಅವಳ ಕಾಲ ಕೆಳಗೆ ನೀರು ಹರಿದು ಪಲ್ಯದ ಬುಟ್ಟಿಯವರೆಗೆ ಬಂದಿತ್ತು. ನನ್ನ ನಗು ನಿಂತಿತು.

“ಸಾಹೇಬರ, ಒಂದು ಮಾತು ಹೇಳಬೇಕು. ಪುಣೇದಾಗ ನಾ ನೀರು ಮುಟ್ಟಿಲ್ಲ. ಬೆಂಚಿನ ಮ್ಯಾಲ ಮಲಗಿ ಈಜೇನಿ. ನನಗ ಈಜು ಕಲಿಸಿದಾಕಿ, ಈಗ ಜೀವ ಉಳಿಸಿದಾಕಿ, ಈಕಿ.”

ಚಪ್ಪಾಳೆ ತಟ್ಟಿದ ಕೈಗಳು ಹಾಗೆಯೇ ನಿಂತವು. ನಾನು ತಂದೆಯ ಕಡೆ ನೋಡಲಿಲ್ಲ. ಸಾಹೇಬರು ನನ್ನ ಹತ್ತಿರ ಬಂದು ಬಗ್ಗಿ, ಬೇರೆಯವರಿಗೆ ಕೇಳದಂತೆ ಕೇಳಿದರು:

“ಹೊಂಡದಾಗ ನೀರಿದ್ದಿಲ್ಲೇನು?”

“ಬಿರುಕು ಬಿಟ್ಟಿತ್ತರಿ.”

“ಹೂಂ. ನಾ ಹೋದಾಗೂ ಬಿಟ್ಟಿತ್ತು,” ಎಂದು ನೆಟ್ಟಗಾದರು. ಆಮೇಲೆ ದೊಡ್ಡ ದನಿಯಲ್ಲಿ ಕಲ್ಲವ್ವನನ್ನು ಕೇಳಿದರು: “ಬ್ಯಾಸಗಿ ರಜಾದಾಗ ಸಾಲಿ ಹುಡುಗರಿಗೆ ಕಲಸ್ತಿಯೇನವಾ?”

“ನನ್ನ ಕಡೆ ಕಾಗದ ಇಲ್ಲರಿ.”

“ಕಾಗದ ಮಾಸ್ತರ ಹತ್ರ ಐತಿ. ಇಬ್ಬರೂ ಕೂಡಿದ್ರ ಒಬ್ಬರು ಪೂರ್ತಿ ಆಗ್ತೀರಿ.”

“ಆತು,” ಎಂದಳು ಕಲ್ಲವ್ವ. “ಮಾಸ್ತರ್ರ ಓದಲಿ, ನಾ ನೂಕತೀನಿ.”

ಮನೆಯವರೆಗೂ ತಂದೆ ಮಾತಾಡಲಿಲ್ಲ. ಆ ದಿನವಲ್ಲ, ಮರುದಿನವಲ್ಲ, ಹದಿನೈದು ದಿನ ಮಾತಾಡಲಿಲ್ಲ. ಊಟಕ್ಕೆ ಕೂತಾಗ ಅವ್ವನ ಮೂಲಕ ಸಾರು ಕೇಳುತ್ತಿದ್ದರು. ನಾನು ಸುಳ್ಳು ಹೇಳಿ ಪಾಸಾಗಿದ್ದಕ್ಕೆ ಸಿಟ್ಟೋ, ನಿಜ ಹೇಳಿ ಮಾನ ಕಳೆದದ್ದಕ್ಕೆ ಸಿಟ್ಟೋ ತಿಳಿಯಲಿಲ್ಲ. ಆಮೇಲೆ ಧಾರವಾಡದಿಂದ ಸಾಹೇಬರ ವರದಿ ಬಂತು. ಹೆಡ್ ಮಾಸ್ತರರು ಅದನ್ನು ತಾವೇ ಮನೆಗೆ ತಂದು ತಂದೆಯ ಕೈಗೆ ಕೊಟ್ಟರು. ತಂದೆ ಕನ್ನಡಕ ಹಾಕಿಕೊಂಡು ಮಂತ್ರ ಹೇಳುವ ದನಿಯಲ್ಲಿ ಓದಿದರು:

“ಮುಳುಗುವುದು: ಉತ್ತಮ. ತಳ ಹುಡುಕುವುದು: ಅತ್ಯುತ್ತಮ. ಸತ್ಯ ನುಡಿಯುವುದು: ತಡವಾದರೂ ತೃಪ್ತಿಕರ. ನೌಕರಿ ಕಾಯಂ ಮಾಡಲು ಅಡ್ಡಿಯಿಲ್ಲ. ನೀರೊಳಗೆ ನಗುವ ಅಭ್ಯಾಸವನ್ನು ಮಾತ್ರ ಬಿಡತಕ್ಕದ್ದು.”

ಕೊನೆಯ ಸಾಲನ್ನು ಎರಡು ಸಲ ಓದಿದರು. ಕಾಗದ ಮಡಚಿದರು. ಹದಿನೈದು ದಿನಗಳ ಮೇಲೆ ನನ್ನ ಕಡೆ ನೋಡಿ ಕೇಳಿದರು:

“ನೀರಾಗ ನಕ್ರ ಹೆಂಗಾಗ್ತದೋ?”

“ಹೇಳಿದ್ರ ತಿಳಿಯೂದಿಲ್ಲ ಅಪ್ಪಾ. ರವಿವಾರ ಬರ್ರಿ.”

ಬರುವುದಿಲ್ಲ ಎಂದುಕೊಂಡಿದ್ದೆ. ರವಿವಾರ ಪೂಜೆ ಮುಗಿಸಿ, ಮಡಿಪಂಚೆ ಉಟ್ಟು, ಚಕ್ಕಡಿಯಲ್ಲಿ ಅಡರಕಟ್ಟಿಗೆ ಬಂದೇಬಿಟ್ಟರು. “ಬರ್ರಿ ಆಚಾರ್ರ,” ಎಂದು ಕಲ್ಲವ್ವ ಬೆಂಡಿನ ಕಟ್ಟನ್ನು ನನ್ನ ಕೈಗೆ ಕೊಟ್ಟಳು. ನಾನು ಅವರ ಸೊಂಟಕ್ಕೆ ಕಟ್ಟಿದೆ. ತಂದೆ ಒಂದೊಂದೇ ಮೆಟ್ಟಿಲು ಇಳಿದು ಎದೆಮಟ್ಟದ ನೀರಿನಲ್ಲಿ ನಿಂತರು. ಗಂಗೆ, ಯಮುನೆ, ಗೋದಾವರಿ ಎಲ್ಲರನ್ನೂ ನೆನೆದರು. ಮೂಗು ಹಿಡಿದುಕೊಂಡರು. ಜುಟ್ಟು ಒಂದು ಕ್ಷಣ ನೀರಿನ ಮೇಲೆ ತೇಲಿ, ಅದೂ ಒಳಗೆ ಹೋಯಿತು.

ನೀರು ಸಪಾಟಾಯಿತು. ಆಮೇಲೆ ಒಂದು ಗುಳ್ಳೆ ಬಂತು. ಆಮೇಲೆ ಉಕ್ಕುವ ಹಾಲಿನಂತೆ ಗುಳ್ಳೆಯೋ ಗುಳ್ಳೆ. ಕಲ್ಲವ್ವ ಒಂದು ಮೆಟ್ಟಿಲು ಕೆಳಗಿಳಿದಳು. ಅಷ್ಟರಲ್ಲಿ ತಂದೆ ಕೆಮ್ಮುತ್ತ, ಮೂಗಿನಲ್ಲಿ ನೀರು ಸುರಿಸುತ್ತ ಎದ್ದರು. ಜುಟ್ಟು ಮುಖಕ್ಕೆ ಅಂಟಿತ್ತು, ಕಣ್ಣು ಕೆಂಪಾಗಿದ್ದವು, ಜನಿವಾರ ಕಿವಿಗೆ ಸಿಕ್ಕಿಕೊಂಡಿತ್ತು. ಬಯ್ಯುತ್ತಾರೆ ಎಂದು ನಾನು ತಲೆ ತಗ್ಗಿಸಿ ನಿಂತೆ.

ಅವರು ಜುಟ್ಟು ಸರಿಸಿ, ಉಸಿರು ತಿರುಗಿ ಬರುವವರೆಗೆ ಕಾಯ್ದು, ಮತ್ತೆ ಮೂಗು ಹಿಡಿದುಕೊಂಡರು.

“ಇನ್ನೊಂದ ಸಲ,” ಎಂದರು.